ಸೂತ್ರಗಳನ್ನು ಬಾಯಿಪಾಠ ಮಾಡಬೇಕೆ? ಹಾಳೆಯಲ್ಲಿ ಬರೆದುಕೊಟ್ಟರೆ ಸಾಲದೆ?

ಎಸ್‌ಎಸ್‌ಎಲ್‌ಸಿ ಗಣಿತ ಪರೀಕ್ಷೆಯ ದಿನ ಬೆಳಿಗ್ಗೆ ಯಾವುದಾದರೂ ಪರೀಕ್ಷಾ ಕೇಂದ್ರದ ಗೇಟಿನ ಹತ್ತಿರ ಹೋಗಿ ನಿಂತು ನೋಡಿ. "ಮೈನಸ್ ಬಿ ಪ್ಲಸ್ ಆರ್ ಮೈನಸ್ ರೂಟ್ ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ, ಬೈ ಟೂ ಎ" ಎಂದು ಕಣ್ಣು ಮುಚ್ಚಿಕೊಂಡು ಗುನುಗುವ ಹುಡುಗ ಒಬ್ಬನಾದರೂ ಸಿಗುತ್ತಾನೆ. ಗೋಳದ ಮೇಲ್ಮೈಗೆ 4 ಬರುತ್ತದೋ 4/3 ಬರುತ್ತದೋ ಎಂದು ಗೆಳತಿಯನ್ನು ಕೇಳುತ್ತಿರುವ ಹುಡುಗಿಯೂ ಇರುತ್ತಾಳೆ. ಗಂಟೆ ಹೊಡೆದು ಉತ್ತರಪತ್ರಿಕೆ ಕೈಗೆ ಬಂದ ಕೂಡಲೇ ಎಷ್ಟೋ ಮಕ್ಕಳು ಮಾಡುವ ಮೊದಲ ಕೆಲಸವೆಂದರೆ, ಮರೆತುಹೋಗುವ ಮುಂಚೆ ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಸೂತ್ರಗಳನ್ನೆಲ್ಲ ಗೀಚಿಟ್ಟುಕೊಳ್ಳುವುದು.

ಅಂದರೆ ಸೂತ್ರದ ಹಾಳೆ ನಮ್ಮಲ್ಲಿ ಈಗಾಗಲೇ ಇದೆ. ಮಂಡಳಿ ಅಚ್ಚು ಹಾಕಿಸಿ ಕೊಡುತ್ತಿಲ್ಲ, ಮಕ್ಕಳೇ ಮೊದಲ ಐದು ನಿಮಿಷದಲ್ಲಿ ತಯಾರಿಸಿಕೊಳ್ಳುತ್ತಾರೆ, ಅಷ್ಟೆ. ಹಾಗಿದ್ದ ಮೇಲೆ ಆ ಹಾಳೆಯನ್ನು ಪ್ರಶ್ನೆಪತ್ರಿಕೆಯ ಜೊತೆಗೇ ಕೊಟ್ಟುಬಿಟ್ಟರೆ ಏನು ತೊಂದರೆ? ಮೊಬೈಲಿನಲ್ಲಿ ಒಂದು ನಿಮಿಷಕ್ಕೆ ಸಿಗುವುದನ್ನು ತಿಂಗಳುಗಟ್ಟಲೆ ಉರು ಹೊಡೆಯುವುದೇಕೆ? ಈ ಪ್ರಶ್ನೆಯನ್ನು ಮಕ್ಕಳಷ್ಟೇ ಅಲ್ಲ, ಈಗೀಗ ಅಪ್ಪ ಅಮ್ಮಂದಿರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಹೊರಗಿನವರು ಏನು ಮಾಡುತ್ತಾರೆ?

ಇಂಗ್ಲೆಂಡಿನ ಜಿಸಿಎಸ್‌ಇ ನಮ್ಮ ಹತ್ತನೇ ತರಗತಿಗೆ ಸಮನಾದ ಪರೀಕ್ಷೆ. ಅಲ್ಲಿ ಗಣಿತದ ಬಹುಪಾಲು ಸೂತ್ರಗಳನ್ನು ನೆನಪಿಟ್ಟುಕೊಂಡೇ ಹೋಗಬೇಕಿತ್ತು. ಕೋವಿಡ್ ಕಾಲದಲ್ಲಿ ಪಾಠಗಳು ಹಳಿ ತಪ್ಪಿದ್ದರಿಂದ 2022ರಲ್ಲಿ ಮತ್ತೆ ಪರೀಕ್ಷೆ ಶುರುವಾದಾಗ ಗಣಿತಕ್ಕೆ ಸೂತ್ರಗಳ ಹಾಳೆ ಕೊಟ್ಟರು, ಭೌತವಿಜ್ಞಾನಕ್ಕೆ ಮೊದಲೇ ಇದ್ದ ಸಣ್ಣ ಪಟ್ಟಿಯನ್ನು ಹಿಗ್ಗಿಸಿದರು. ತಾತ್ಕಾಲಿಕ ಎಂದು ಬಂದ ಆ ಹಾಳೆ ಆಮೇಲಿನ ವರ್ಷಗಳಲ್ಲೂ ಉಳಿದುಕೊಂಡಿತು. ಅಮೆರಿಕದ ಸ್ಯಾಟ್ ಪರೀಕ್ಷೆಯಲ್ಲಿ ವೃತ್ತ, ಶಂಕು, ಗೋಳ ಮುಂತಾದವುಗಳ ಸೂತ್ರಗಳನ್ನು ಕೊಡುತ್ತಾರೆ, ಆದರೆ ವರ್ಗ ಸಮೀಕರಣದ ಸೂತ್ರವನ್ನು ಕೊಡುವುದಿಲ್ಲ. ಐಬಿ ಶಾಲೆಗಳಲ್ಲಿ ಒಂದು ಪುಸ್ತಿಕೆಯನ್ನೇ ಕೊಡುತ್ತಾರೆ.

ನಮ್ಮಲ್ಲಿ ಸಿಬಿಎಸ್‌ಇ ಹನ್ನೆರಡನೇ ತರಗತಿಯ ಭೌತವಿಜ್ಞಾನದ ಪತ್ರಿಕೆಯಲ್ಲಿ ಬೆಳಕಿನ ವೇಗ, ಎಲೆಕ್ಟ್ರಾನಿನ ದ್ರವ್ಯರಾಶಿಯಂಥ ಸ್ಥಿರಾಂಕಗಳನ್ನು ಮುದ್ರಿಸಿರುತ್ತಾರೆ, ಸೂತ್ರಗಳನ್ನಲ್ಲ. ಜೆಇಇ, ನೀಟ್‌ಗಳಲ್ಲಿ ಸೂತ್ರದ ಹಾಳೆಯ ಮಾತೇ ಇಲ್ಲ. ಇದೇ ಸಿಬಿಎಸ್‌ಇ 2014ರ ಸುಮಾರಿಗೆ 9 ಮತ್ತು 11ನೇ ತರಗತಿಗಳಿಗೆ, ಮೊದಲೇ ಕೊಟ್ಟ ಪಠ್ಯವನ್ನು ನೋಡಿಕೊಂಡು ಉತ್ತರಿಸುವ ಪರೀಕ್ಷೆಯೊಂದನ್ನು ತಂದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತ್ತು.

ಹೀಗೆ ಒಬ್ಬೊಬ್ಬರದು ಒಂದೊಂದು ದಾರಿ. ಯಾರು ಸರಿ ಎಂದು ಕೇಳುವ ಮುಂಚೆ, ನೆನಪಿನಲ್ಲಿ ಇರುವುದಕ್ಕೂ ಹಾಳೆಯಲ್ಲಿ ಇರುವುದಕ್ಕೂ ನಿಜವಾಗಿ ಏನು ವ್ಯತ್ಯಾಸ ಎಂದು ನೋಡಬೇಕು.

ಐನ್‌ಸ್ಟೈನ್ ಹೇಳಿದ್ದು ಏನು?

ಬಾಯಿಪಾಠದ ವಿರುದ್ಧ ಮಾತನಾಡುವವರು ತಪ್ಪದೆ ಎಳೆದು ತರುವ ಹೆಸರು ಐನ್‌ಸ್ಟೈನ್. ಪುಸ್ತಕದಲ್ಲಿ ಸಿಗುವುದನ್ನು ನೆನಪಿಟ್ಟುಕೊಳ್ಳಬೇಡಿ ಎಂದು ಅವರು ಉಪದೇಶ ಮಾಡಿದ್ದರಂತೆ. ಇದರ ಹಿಂದೆ ಒಂದು ನಿಜವಾದ ಘಟನೆ ಇದೆ. ಬಲ್ಬಿನ ಖ್ಯಾತಿಯ ಥಾಮಸ್ ಎಡಿಸನ್ ಕೆಲಸ ಕೇಳಿಕೊಂಡು ಬಂದವರಿಗೆ ಸಾಮಾನ್ಯ ಜ್ಞಾನದ ಉದ್ದನೆಯ ಪ್ರಶ್ನಾವಳಿ ಕೊಡುತ್ತಿದ್ದರು. 1921ರಲ್ಲಿ ಅದು ಅಮೆರಿಕದ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದೇ ವರ್ಷ ಬೋಸ್ಟನ್ನಿಗೆ ಬಂದಿದ್ದ ಐನ್‌ಸ್ಟೈನರನ್ನು ಆ ಪಟ್ಟಿಯಲ್ಲಿದ್ದ ಒಂದು ಪ್ರಶ್ನೆ ಕೇಳಿದರು: ಶಬ್ದದ ವೇಗ ಎಷ್ಟು? ಅದು ನನ್ನ ತಲೆಯಲ್ಲಿಲ್ಲ, ಪುಸ್ತಕದಲ್ಲಿ ಸುಲಭವಾಗಿ ಸಿಗುತ್ತದೆ ಎಂಬ ಅರ್ಥದ ಉತ್ತರ ಬಂತು.

ಇಲ್ಲಿ ಗಮನಿಸಬೇಕಾದದ್ದು ಪ್ರಶ್ನೆಯನ್ನು. ಅವರನ್ನು ಕೇಳಿದ್ದು ಒಂದು ಅಂಕಿಯನ್ನು. ಶಬ್ದದ ವೇಗ ಗಾಳಿಯ ಉಷ್ಣತೆಗೆ ತಕ್ಕಂತೆ ಬದಲಾಗುತ್ತದೆ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್. ಅದು ಗೊತ್ತಿಲ್ಲದಿದ್ದರೂ ಸಾಪೇಕ್ಷತಾ ಸಿದ್ಧಾಂತಕ್ಕೆ ಏನೂ ಕೊರತೆಯಾಗದು. ಆದರೆ ವಿದ್ಯುತ್ತು, ಕಾಂತತ್ವ, ಬೆಳಕು ಇವುಗಳನ್ನು ಹೆಣೆಯುವ ಮ್ಯಾಕ್ಸ್‌ವೆಲ್ ಸಮೀಕರಣಗಳು ಅವರ ತಲೆಯಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಅವುಗಳನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ತಿರುಗಿಸುತ್ತಿದ್ದದ್ದರಿಂದಲೇ 1905ರ ಲೇಖನ ಹುಟ್ಟಿತು. ಅಂಕಿ ಬೇರೆ, ಸಂಬಂಧ ಬೇರೆ. ಸೂತ್ರ ಎನ್ನುವುದು ಎರಡು ಮೂರು ಸಂಗತಿಗಳ ನಡುವಿನ ಸಂಬಂಧ.

ತಲೆಯೊಳಗಿನ ಸಣ್ಣ ಮೇಜು

ಈ ಸಂಖ್ಯೆಯನ್ನು ಒಮ್ಮೆ ಓದಿ, ಕಣ್ಣು ಮುಚ್ಚಿ ಹೇಳಿ ನೋಡಿ: 194719561973.

ಹನ್ನೆರಡು ಅಂಕಿಗಳನ್ನು ಒಂದೊಂದಾಗಿ ಹಿಡಿಯಲು ಹೊರಟರೆ ಎಂಟಕ್ಕೋ ಒಂಬತ್ತಕ್ಕೋ ಜಾರಿಬಿಡುತ್ತವೆ. 1947, 1956, 1973 ಎಂದು ಒಡೆದರೆ? ದೇಶಕ್ಕೆ ಸ್ವಾತಂತ್ರ್ಯ ಬಂದದ್ದು, ಕನ್ನಡ ನಾಡು ಒಂದಾದದ್ದು, ಅದಕ್ಕೆ ಕರ್ನಾಟಕ ಎಂದು ಹೆಸರಾದದ್ದು. ಈಗ ನೆನಪಿಡಬೇಕಾದದ್ದು ಹನ್ನೆರಡಲ್ಲ, ಮೂರೇ. ನಾಳೆ ಕೇಳಿದರೂ ಹೇಳುತ್ತೀರಿ.

ನಾವು ಯೋಚಿಸುವಾಗ ವಿಷಯಗಳನ್ನು ಹರಡಿಕೊಳ್ಳುವ ಜಾಗವನ್ನು ಮನೋವಿಜ್ಞಾನಿಗಳು 'ವರ್ಕಿಂಗ್ ಮೆಮೊರಿ' ಎನ್ನುತ್ತಾರೆ. ಅದೊಂದು ತೀರಾ ಸಣ್ಣ ಮೇಜು. ಅದರ ಮೇಲೆ ಒಮ್ಮೆಗೆ ಸುಮಾರು ಏಳು ವಸ್ತುಗಳು ಹಿಡಿಸುತ್ತವೆ ಎಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಲೆಕ್ಕ ಹಾಕಿ, ಏಳೂ ಹೆಚ್ಚಾಯಿತು, ನಾಲ್ಕರ ಆಸುಪಾಸು ಎಂದರು. ಈ ಮೇಜನ್ನು ದೊಡ್ಡದು ಮಾಡುವ ಉಪಾಯ ಯಾರಿಗೂ ಗೊತ್ತಿಲ್ಲ. ಆದರೆ ಮೊದಲೇ ಚೆನ್ನಾಗಿ ಗೊತ್ತಿರುವ ಸಂಗತಿ ಎಷ್ಟೇ ದೊಡ್ಡದಿದ್ದರೂ ಮೇಜಿನ ಮೇಲೆ ಒಂದೇ ಗಂಟಾಗಿ ಕೂರುತ್ತದೆ. ಮೇಲಿನ ಇಸವಿಗಳಲ್ಲಿ ಆದದ್ದು ಅದೇ. ಕರ್ನಾಟಕದ ಚರಿತ್ರೆ ಗೊತ್ತಿಲ್ಲದವರಿಗೆ ಅವು ಬರೀ ಅಂಕಿಗಳು.

ಏಳೆಂಟಲ ಐವತ್ತಾರು ಎಂದು ಮಗ್ಗಿ ಕಲಿತ ಮಗು ಭಾಗಾಕಾರ ಮಾಡುವಾಗ ಆ ಐವತ್ತಾರಕ್ಕೆ ಮೇಜಿನ ಮೇಲೆ ಜಾಗವನ್ನೇ ಕೊಡುವುದಿಲ್ಲ. ಮಗ್ಗಿಯನ್ನು ಪುಸ್ತಕದ ಹಿಂಬದಿಯಲ್ಲಿ ನೋಡಿಕೊಳ್ಳುವ ಮಗು ಪ್ರತಿಸಲವೂ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು, ಪುಟ ತಿರುಗಿಸಿ, ಮರಳಿ ಬಂದು, 'ನಾನು ಎಲ್ಲಿದ್ದೆ?' ಎಂದು ಹುಡುಕುತ್ತದೆ. ಹಾಳೆಯಲ್ಲಿ ಉತ್ತರ ಇದ್ದದ್ದು ನಿಜ. ಅಲ್ಲಿಗೆ ಹೋಗಿಬರುವುದರೊಳಗೆ ಲೆಕ್ಕದ ದಾರಿಯೇ ತಪ್ಪಿರುತ್ತದೆ.

ಒಂದು ಲೆಕ್ಕವನ್ನೇ ಮಾಡೋಣ. ಕಾರೊಂದು ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ. ಬ್ರೇಕ್ ಹಾಕಿದರೆ ಪ್ರತಿ ಸೆಕೆಂಡಿಗೆ ಅದರ ವೇಗ ಸೆಕೆಂಡಿಗೆ 5 ಮೀಟರಿನಷ್ಟು ಇಳಿಯುತ್ತದೆ. ನಿಲ್ಲುವ ಹೊತ್ತಿಗೆ ಎಷ್ಟು ದೂರ ಸಾಗಿರುತ್ತದೆ? ಗಂಟೆಗೆ 54 ಕಿಲೋಮೀಟರ್ ಎಂದರೆ ಸೆಕೆಂಡಿಗೆ 15 ಮೀಟರ್. ನಿಲ್ಲುವ ದೂರ ಸಿಗುವುದು ವೇಗದ ವರ್ಗವನ್ನು ವೇಗ ಇಳಿಯುವ ದರದ ಎರಡರಷ್ಟರಿಂದ ಭಾಗಿಸಿದಾಗ: 225 ಭಾಗಿಸು 10, ಅಂದರೆ 22.5 ಮೀಟರ್.

ಈ ಸಂಬಂಧ ತಲೆಯಲ್ಲಿ ಇರುವವರಿಗೆ ಲೆಕ್ಕ ಮುಗಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಸೂತ್ರದಲ್ಲಿ ಇರುವುದು ವೇಗವಲ್ಲ, ವೇಗದ ವರ್ಗ. ಹೆದ್ದಾರಿಯಲ್ಲಿ ವೇಗವನ್ನು ಎರಡರಷ್ಟು, ಅಂದರೆ 108 ಕಿಲೋಮೀಟರಿಗೆ ಏರಿಸಿದರೆ ನಿಲ್ಲುವ ದೂರ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗಿ 90 ಮೀಟರಿಗೆ ಹೋಗುತ್ತದೆ. ಕಾಲು ಬ್ರೇಕಿಗೆ ಹೋಗುವ ಮುಂಚೆ ಕಾರು ಓಡಿದ ದೂರವನ್ನು ಇದರಲ್ಲಿ ಸೇರಿಸಿಲ್ಲ. ಮುಂದಿನ ಲಾರಿಗೆ ಎಷ್ಟು ಅಂತರ ಬಿಡಬೇಕೆಂದು ನಿರ್ಧರಿಸುವಾಗ ಯಾರೂ ಸೂತ್ರದ ಹಾಳೆ ತೆಗೆದು ನೋಡುವುದಿಲ್ಲ. ಸಂಬಂಧ ಒಳಗಿದ್ದರೆ ಮಾತ್ರ ಅದು ಬೇಕಾದ ಹೊತ್ತಿಗೆ, ಯಾರೂ ಪ್ರಶ್ನೆ ಕೇಳದಿದ್ದಾಗಲೂ, ಎದ್ದು ಬರುತ್ತದೆ. ಬಾಯಿಪಾಠದ ಪರವಾಗಿ ಇದಕ್ಕಿಂತ ದೊಡ್ಡ ವಾದ ನನಗೆ ಗೊತ್ತಿಲ್ಲ.

ಹ್ಯಾಂಡ್‌ಬುಕ್ ಕೈಯಲ್ಲಿದ್ದೂ ಫೇಲಾಗುವುದು

ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆ ಸುಲಭ ಎಂಬ ನಂಬಿಕೆ ಇದೆಯಲ್ಲ, ಅದನ್ನು ಕರ್ನಾಟಕದ ಯಾವುದೇ ಮೆಕ್ಯಾನಿಕಲ್ ಎಂಜಿನಿಯರ್ ಹತ್ತಿರ ಹೇಳಿ ನೋಡಿ. ನಕ್ಕುಬಿಡುತ್ತಾರೆ. ವಿಟಿಯು ಕಾಲೇಜುಗಳಲ್ಲಿ ಯಂತ್ರ ವಿನ್ಯಾಸದ ಪರೀಕ್ಷೆಗೆ 'ಡಿಸೈನ್ ಡೇಟಾ ಹ್ಯಾಂಡ್‌ಬುಕ್' ಒಯ್ಯಬಹುದು. ಮಹಾದೇವನ್ ಮತ್ತು ಬಾಲವೀರ ರೆಡ್ಡಿ ಅವರ ಹ್ಯಾಂಡ್‌ಬುಕ್ ಹಿರಿಯರಿಂದ ಕಿರಿಯರಿಗೆ ಕೈ ಬದಲಾಯಿಸುತ್ತಾ ಬರುವ ಪುಸ್ತಕ. ಗಿಯರ್, ಸ್ಪ್ರಿಂಗ್, ಬೇರಿಂಗ್, ಬೆಸುಗೆ ಎಲ್ಲದರ ಸೂತ್ರಗಳೂ ಕೋಷ್ಟಕಗಳೂ ಅದರಲ್ಲಿವೆ. ಸಿವಿಲ್ ವಿಭಾಗದವರು ಐಎಸ್ 456ರಂಥ ಸಂಹಿತೆಗಳನ್ನು ಒಯ್ಯುತ್ತಾರೆ. ಆದರೂ ಎಂಜಿನಿಯರಿಂಗ್‌ನಲ್ಲಿ ಮಕ್ಕಳು ಅತಿ ಹೆಚ್ಚು ಹೆದರುವ ಪತ್ರಿಕೆಗಳಲ್ಲಿ ಇವೂ ಸೇರಿವೆ.

ಮೊದಲ ಸಲ ಆ ಪರೀಕ್ಷೆಗೆ ಕೂತಾಗ ನಾನೂ 'ಎಲ್ಲ ಪುಸ್ತಕದಲ್ಲೇ ಇದೆಯಲ್ಲ' ಎಂಬ ಧೈರ್ಯದಲ್ಲಿ ಹೋಗಿದ್ದೆ. ಶಾಫ್ಟ್ ಒಂದರ ಲೆಕ್ಕಕ್ಕೆ ಒಂದರ ಹಿಂದೆ ಒಂದು ಸೂತ್ರ ಕಂಡವು: ಬಾಗುವಿಕೆ ಮಾತ್ರ ಇದ್ದಾಗ ಒಂದು, ತಿರುಚುವಿಕೆ ಮಾತ್ರ ಇದ್ದಾಗ ಇನ್ನೊಂದು, ಎರಡೂ ಇದ್ದಾಗ ಮಗದೊಂದು. ಎಲ್ಲವೂ ಸರಿಯಾದ ಸೂತ್ರಗಳೇ. ನನ್ನ ಲೆಕ್ಕಕ್ಕೆ ಯಾವುದು ಎಂದು ಮಾತ್ರ ಪುಸ್ತಕದಲ್ಲಿ ಬರೆದಿರಲಿಲ್ಲ. ಮೂರು ಗಂಟೆಯಲ್ಲಿ ಅರ್ಧ ಪುಟ ತಿರುಗಿಸುವುದರಲ್ಲೇ ಕಳೆಯಿತು.

ಇದು ಯಾಕೆ ಹೀಗೆ ಎಂಬುದಕ್ಕೆ 1981ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಉತ್ತರ ಸಿಗುತ್ತದೆ. ಮಿಶೆಲಿನ್ ಚಿ ಮತ್ತು ಸಂಗಡಿಗರು ಭೌತವಿಜ್ಞಾನದ ಲೆಕ್ಕಗಳನ್ನು ಕಾರ್ಡುಗಳ ಮೇಲೆ ಬರೆದು, ಒಂದೇ ಬಗೆಯವನ್ನು ಒಟ್ಟಿಗೆ ಜೋಡಿಸಿ ಎಂದು ಕೇಳಿದರು. ಹೊಸದಾಗಿ ಕಲಿಯುತ್ತಿದ್ದವರು ಕಣ್ಣಿಗೆ ಕಂಡದ್ದನ್ನು ನೋಡಿ ಜೋಡಿಸಿದರು: ಇಳಿಜಾರಿನ ಹಲಗೆ ಇರುವ ಲೆಕ್ಕಗಳು ಒಂದು ಕಡೆ, ಸ್ಪ್ರಿಂಗ್ ಇರುವ ಲೆಕ್ಕಗಳು ಇನ್ನೊಂದು ಕಡೆ. ಪಳಗಿದವರು ಒಳಗಿನ ತತ್ವ ನೋಡಿ ಜೋಡಿಸಿದರು. ಹಲಗೆಯೋ ಸ್ಪ್ರಿಂಗೋ, ಶಕ್ತಿ ಸಂರಕ್ಷಣೆಯಿಂದ ಬಿಡಿಸಬಹುದಾದವೆಲ್ಲ ಒಂದೇ ಗುಂಪು. ಸೂತ್ರದ ಹಾಳೆಗೆ ಒಂದು ದೊಡ್ಡ ಮಿತಿ ಇದೆ. ಏನನ್ನು ಹುಡುಕಬೇಕೆಂದು ಗೊತ್ತಿದ್ದವರಿಗೆ ಮಾತ್ರ ಅದು ಉತ್ತರ ಕೊಡುತ್ತದೆ.

ಇನ್ನೊಂದು ಅಧ್ಯಯನವನ್ನೂ ಹೇಳಬೇಕು. ಪೂಜಾ ಅಗರ್ವಾಲ್ ಮತ್ತು ಸಂಗಡಿಗರು 2008ರಲ್ಲಿ ಪುಸ್ತಕ ನೋಡಿ ಬರೆಯುವ ಮತ್ತು ನೋಡದೆ ಬರೆಯುವ ಪರೀಕ್ಷೆಗಳನ್ನು ಹೋಲಿಸಿದರು. ಪರೀಕ್ಷೆಯ ದಿನ ನೋಡಿ ಬರೆದವರಿಗೆ ಹೆಚ್ಚು ಅಂಕ ಬಂತು, ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ದಿನಗಳು ಕಳೆದ ಮೇಲೆ ಮತ್ತೆ ಕೇಳಿದಾಗ ಆ ಲಾಭ ಉಳಿದಿರಲಿಲ್ಲ. 2011ರ ಮುಂದಿನ ಅಧ್ಯಯನದಲ್ಲಿ ಕಂಡದ್ದು ಇನ್ನೂ ಕುತೂಹಲದ ಸಂಗತಿ. ಪುಸ್ತಕ ನೋಡಿ ಬರೆಯುವ ಪರೀಕ್ಷೆ ಎಂದು ಮೊದಲೇ ನಿರೀಕ್ಷಿಸಿ ಓದಿದವರು, ಆಮೇಲೆ ಪುಸ್ತಕವಿಲ್ಲದೆ ಬರೆಯಬೇಕಾದಾಗ ಹಿಂದೆ ಬಿದ್ದರು. ಹಾಳೆ ಸಿಗುತ್ತದೆ ಎಂಬ ಭರವಸೆ ಓದುವ ರೀತಿಯನ್ನೇ ಬದಲಾಯಿಸಬಲ್ಲದು.

ಹಾಗಾದರೆ ಉರು ಹೊಡೆಯುವುದೇ ಸರಿಯೆ?

ಅಲ್ಲ. ಇಷ್ಟು ಹೊತ್ತು ಹೇಳಿದ್ದನ್ನು ಓದಿ ಮಕ್ಕಳಿಗೆ ಸೂತ್ರದ ಪಟ್ಟಿ ಕೊಟ್ಟು ನೂರು ಸಲ ಬರೆಸಲು ಹೊರಟರೆ, ನಾನು ಬರೆದದ್ದೆಲ್ಲ ದಂಡ.

ಅರ್ಥವಿಲ್ಲದೆ ಕಲಿತ ಸೂತ್ರ ಯಾವ ಎಚ್ಚರಿಕೆಯನ್ನೂ ಕೊಡದೆ ಕೆಡುತ್ತದೆ. ಪೂರ್ತಿ ಮರೆತರೆ ಒಳ್ಳೆಯದೇ, ಮರೆತದ್ದು ಗೊತ್ತಾಗುತ್ತದೆ. ಅಪಾಯ ಇರುವುದು ಅರ್ಧ ಮರೆತಾಗ. ಗೇಟಿನ ಹತ್ತಿರ ಕಂಡ ಹುಡುಗಿಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಗೋಳದ ಒಂದು ಸೂತ್ರದಲ್ಲಿ 4, ಇನ್ನೊಂದರಲ್ಲಿ 4/3. ಒಂದರಲ್ಲಿ ತ್ರಿಜ್ಯದ ವರ್ಗ, ಇನ್ನೊಂದರಲ್ಲಿ ಘನ. ಇವು ಅದಲುಬದಲಾಗದಂತೆ ಕಾಯುವುದು ಬಾಯಿಪಾಠವಲ್ಲ, ಏಕಮಾನ. ಮೇಲ್ಮೈಯನ್ನು ಅಳೆಯುವುದು ಚದರ ಸೆಂಟಿಮೀಟರಿನಲ್ಲಿ, ಹಾಗಾಗಿ ತ್ರಿಜ್ಯ ಎರಡು ಸಲ ಗುಣಿಸಿ ಬರಲೇಬೇಕು. ಘನಫಲ ಘನ ಸೆಂಟಿಮೀಟರಿನಲ್ಲಿ, ಅಲ್ಲಿ ಮೂರು ಸಲ. 4/3 ಎಲ್ಲಿಗೆ ಸೇರುತ್ತದೆ? ಗೋಳವನ್ನು ಕೇಂದ್ರದಲ್ಲಿ ತುದಿ ಇರುವ ಅಸಂಖ್ಯ ಸಣ್ಣ ಸಣ್ಣ ಶಂಕುಗಳಾಗಿ ಕತ್ತರಿಸಿದಂತೆ ಊಹಿಸಿಕೊಳ್ಳಿ. ಶಂಕುವಿನ ಘನಫಲ ತಳ ಗುಣಿಸು ಎತ್ತರದ ಮೂರನೇ ಒಂದು ಭಾಗ. ಎಲ್ಲ ತಳಗಳನ್ನೂ ಕೂಡಿಸಿದರೆ ಗೋಳದ ಮೇಲ್ಮೈ, ಎತ್ತರವೇ ತ್ರಿಜ್ಯ. ಆದ್ದರಿಂದ ಘನಫಲವೆಂದರೆ ಮೇಲ್ಮೈ ಗುಣಿಸು ತ್ರಿಜ್ಯದ ಮೂರನೇ ಒಂದು ಭಾಗ. ಆ 3 ಬಂದದ್ದು ಶಂಕುವಿನಿಂದ. ಒಮ್ಮೆ ಇದನ್ನು ನೋಡಿದವರಿಗೆ ಎರಡು ಸೂತ್ರಗಳು ಎರಡಾಗಿ ಉಳಿಯುವುದಿಲ್ಲ.

ಚಲನೆಯ ಸಮೀಕರಣಗಳೂ ಹೀಗೆಯೇ. ಸಾಗಿದ ದೂರ = ಆರಂಭದ ವೇಗ × ಕಾಲ + ½ × ವೇಗೋತ್ಕರ್ಷ × ಕಾಲದ ವರ್ಗ. ಆ ಅರ್ಧ ಎಲ್ಲಿಂದ ಬಂತು ಎಂದು ಕೇಳಿದರೆ ಸೂತ್ರವನ್ನು ತಪ್ಪಿಲ್ಲದೆ ಹೇಳುವ ಎಷ್ಟೋ ಮಕ್ಕಳು ತಬ್ಬಿಬ್ಬಾಗುತ್ತಾರೆ. ವೇಗ ಮತ್ತು ಕಾಲದ ನಕ್ಷೆ ಬರೆದು ನೋಡಿ. ಗೆರೆಯ ಕೆಳಗಿನ ವಿಸ್ತೀರ್ಣವೇ ದೂರ. ಕೆಳಗೆ ಒಂದು ಆಯತ, ಅದು ಆರಂಭದ ವೇಗದಿಂದ ಸಾಗಿದ್ದು. ಮೇಲೆ ಒಂದು ತ್ರಿಭುಜ, ಅದು ವೇಗ ಹೆಚ್ಚಿದ್ದರಿಂದ ಸಾಗಿದ್ದು. ತ್ರಿಭುಜದ ವಿಸ್ತೀರ್ಣದಲ್ಲಿ ಅರ್ಧ ಇದ್ದೇ ಇರುತ್ತದೆ. ಸೂತ್ರ ಮರೆತರೂ ಆ ಚಿತ್ರ ಮರೆಯುವುದು ಕಷ್ಟ.

ತ್ರಿಕೋನಮಿತಿಯಲ್ಲಂತೂ ಸೂತ್ರಗಳ ರಾಶಿಯೇ ಇದೆ, ಆದರೆ ಅದರಲ್ಲಿ ಒಂದೇ ಮನೆತನದವು ಬಹಳ. ಸೈನ್ ವರ್ಗ + ಕಾಸ್ ವರ್ಗ = 1 ಎನ್ನುವುದು ಪೈಥಾಗೊರಸ್ ಪ್ರಮೇಯವೇ, ಕರ್ಣದ ಉದ್ದ 1 ಇರುವಾಗ. ಅದನ್ನು ಕಾಸ್ ವರ್ಗದಿಂದ ಭಾಗಿಸಿದರೆ ಟ್ಯಾನ್, ಸೀಕೆಂಟ್‌ಗಳ ಸೂತ್ರ ಸಿಗುತ್ತದೆ. ಸೈನ್ ವರ್ಗದಿಂದ ಭಾಗಿಸಿದರೆ ಮೂರನೆಯದು. ಪಿಯುಸಿಯಲ್ಲಿ ಎರಡು ಕೋನಗಳ ಮೊತ್ತದ ಸೈನ್ ಮತ್ತು ಕಾಸ್ ಸೂತ್ರಗಳನ್ನು ಗಟ್ಟಿಯಾಗಿ ಹಿಡಿದುಕೊಂಡರೆ ವ್ಯತ್ಯಾಸ, ಇಮ್ಮಡಿ ಕೋನ, ಅರ್ಧಕೋನ, ಗುಣಲಬ್ಧದಿಂದ ಮೊತ್ತಕ್ಕೆ ಹೋಗುವ ಸೂತ್ರಗಳು ಎಲ್ಲವೂ ಅವೆರಡರ ಮಕ್ಕಳು ಮೊಮ್ಮಕ್ಕಳು. 0, 30, 45, 60, 90 ಡಿಗ್ರಿಗಳ ಸೈನ್ ಬೆಲೆಗಳು ಬೇಕೆ? ವರ್ಗಮೂಲದ ಚಿಹ್ನೆಯೊಳಗೆ ಕ್ರಮವಾಗಿ 0, 1, 2, 3, 4 ಬರೆದು ಪ್ರತಿಯೊಂದನ್ನೂ 2ರಿಂದ ಭಾಗಿಸಿ. ಆಯಿತು. ಅದೇ ಸಾಲನ್ನು ಹಿಂದಿನಿಂದ ಓದಿದರೆ ಕಾಸ್.

ಇನ್ನು ಆ ಹುಡುಗ ಗುನುಗುತ್ತಿದ್ದ 'ಮೈನಸ್ ಬಿ ಪ್ಲಸ್ ಆರ್ ಮೈನಸ್'. ವರ್ಗ ಸಮೀಕರಣ ಬಿಡಿಸಲು ಶ್ರೀಧರಾಚಾರ್ಯರು ಹೇಳಿದ ದಾರಿಯನ್ನು ಭಾಸ್ಕರಾಚಾರ್ಯರು ಉಲ್ಲೇಖಿಸಿದ್ದಾರೆ. ಸ್ಥಿರಾಂಕ ಸಿ ಯನ್ನು ಆಚೆ ಕಡೆಗೆ ಕಳಿಸಿ, ಎರಡೂ ಕಡೆಯನ್ನು 4ಎ ಯಿಂದ ಗುಣಿಸಿ, ಎರಡೂ ಕಡೆಗೆ ಬಿ ವರ್ಗವನ್ನು ಕೂಡಿಸಿ. ಎಡಗಡೆ ಒಂದು ಪೂರ್ಣ ವರ್ಗವಾಗಿ ನಿಲ್ಲುತ್ತದೆ, ಬಲಗಡೆ 'ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ' ತಾನಾಗಿ ಬಂದು ಕೂರುತ್ತದೆ. ಒಂದು ಸಲ ಕೈಯಾರೆ ಮಾಡಿ ನೋಡಿ. ಆಮೇಲೆ ಗುನುಗಲು ಅಡ್ಡಿಯಿಲ್ಲ.

ಸೂತ್ರ ಎಂದರೆ ದಾರ

ನಮ್ಮ ಹಿಂದಿನವರು ಎಲ್ಲವನ್ನೂ ಕಂಠಪಾಠ ಮಾಡುತ್ತಿದ್ದರು ಎಂಬ ಹೆಮ್ಮೆಯ ಮಾತು ಈ ಚರ್ಚೆಯಲ್ಲಿ ಬಂದೇ ಬರುತ್ತದೆ. ನಿಜ, ಮಾಡುತ್ತಿದ್ದರು. ಕ್ರಿ.ಶ. 499ರ ಆರ್ಯಭಟೀಯದಲ್ಲಿ 24 ಅರ್ಧಜ್ಯಾಗಳ, ಅಂದರೆ ಇಂದಿನ ಸೈನ್‌ಗಳ, ನಡುವಿನ ವ್ಯತ್ಯಾಸಗಳನ್ನು ಅಕ್ಷರಗಳಲ್ಲಿ ಬಚ್ಚಿಟ್ಟು ಒಂದೇ ಪದ್ಯದಲ್ಲಿ ಕಟ್ಟಿದ್ದಾರೆ. ಒಂದು ಇಡೀ ಕೋಷ್ಟಕ ನಾಲಿಗೆಯ ಮೇಲೆ! ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನು ಕನ್ನಡದಲ್ಲೇ ಬರೆದ. ಕರ್ನಾಟಕ ಸಂಗೀತ ಕಲಿಯುವವರು ಕಟಪಯಾದಿ ಕ್ರಮವನ್ನು ಇಂದಿಗೂ ಬಳಸುತ್ತಾರೆ. ಧೀರಶಂಕರಾಭರಣದ ಮೊದಲೆರಡು ಅಕ್ಷರಗಳಲ್ಲಿ ಧ ಎಂದರೆ 9, ರ ಎಂದರೆ 2. ತಿರುಗಿಸಿ ಓದಿದರೆ 29, ಅದೇ ಆ ರಾಗದ ಮೇಳದ ಸಂಖ್ಯೆ.

ಆದರೆ ಇದನ್ನೆಲ್ಲ ಕುರುಡು ಬಾಯಿಪಾಠದ ಸಮರ್ಥನೆಗೆ ಬಳಸುವುದು ಸರಿಯಲ್ಲ. ಸೂತ್ರ ಎಂಬ ಪದಕ್ಕೆ ದಾರ ಎಂದೇ ಅರ್ಥ. ದಾರವೊಂದೇ ಮಾಲೆಯಾಗುವುದಿಲ್ಲ. ಸೂತ್ರಕ್ಕೆ ಭಾಷ್ಯ ಬರೆಯುತ್ತಿದ್ದರು, ಗುರು ಕೂರಿಸಿಕೊಂಡು ಬಿಡಿಸಿ ಹೇಳುತ್ತಿದ್ದ. ಕೇರಳದ ಜ್ಯೇಷ್ಠದೇವ ಹದಿನಾರನೇ ಶತಮಾನದಲ್ಲಿ ಮಲಯಾಳಂನಲ್ಲಿ ಬರೆದ 'ಯುಕ್ತಿಭಾಷಾ' ಇರುವುದೇ ಸೂತ್ರಗಳ ಹಿಂದಿನ ಕಾರಣಗಳನ್ನು ವಿವರಿಸಲು. ನಾವು ಮಾಡಿದ್ದೇನೆಂದರೆ ದಾರವನ್ನು ಉಳಿಸಿಕೊಂಡು ಹೂಗಳನ್ನು ಬಿಟ್ಟದ್ದು.

ಯಾವುದು ತಲೆಯಲ್ಲಿ, ಯಾವುದು ಹಾಳೆಯಲ್ಲಿ?

ಪದೇ ಪದೇ ಬಳಸುವ, ಉಳಿದವು ಹುಟ್ಟುವ, ಯೋಚನೆಯ ನಡುವೆ ಬೇಕಾಗುವ ಸಂಬಂಧಗಳು ತಲೆಯಲ್ಲೇ ಇರಬೇಕು. ಮಗ್ಗಿ, ಪೈಥಾಗೊರಸ್, ಓಮನ ನಿಯಮ, ನ್ಯೂಟನ್ನನ ಎರಡನೆಯ ನಿಯಮ ಈ ಸಾಲಿನವು. ಇವುಗಳಿಂದ ಎರಡು ಮೂರು ಹೆಜ್ಜೆಯಲ್ಲಿ ಪಡೆಯಬಹುದಾದವುಗಳಿಗೆ ಪಡೆಯುವ ದಾರಿ ಗೊತ್ತಿದ್ದರೆ ಸಾಕು. ಬಳಸುತ್ತಾ ಬಳಸುತ್ತಾ ಅವೂ ತಾವಾಗಿ ನೆನಪಾಗುತ್ತವೆ. ಪ್ರಯೋಗದಿಂದ ಅಳೆದ ಅಂಕಿಗಳನ್ನು, ಪ್ಲಾಂಕ್ ಸ್ಥಿರಾಂಕವನ್ನೋ ತಾಮ್ರದ ರೋಧತೆಯನ್ನೋ, ಯಾರೂ ನೆನಪಿಡಬೇಕಾಗಿಲ್ಲ. ಉಕ್ಕಿನ ಬಲವನ್ನು ನೆನಪಿನಿಂದ ಬರೆಯುವ ಎಂಜಿನಿಯರ್ ಕಟ್ಟಿದ ಸೇತುವೆಯ ಮೇಲೆ ನಾನಂತೂ ಹೋಗಲಾರೆ.

ಪೈಲಟ್‌ಗಳ ಪದ್ಧತಿ ಇಲ್ಲಿ ನೆನಪಿಗೆ ಬರುತ್ತದೆ. 1935ರಲ್ಲಿ ಬೋಯಿಂಗ್‌ನ ಮಾದರಿ ವಿಮಾನವೊಂದು ಒಂದು ಬೀಗ ತೆಗೆಯಲು ಮರೆತದ್ದಕ್ಕೆ ನೆಲಕ್ಕಪ್ಪಳಿಸಿದ ಮೇಲೆ, ಪಟ್ಟಿ ನೋಡಿಕೊಂಡೇ ಹಾರಾಟ ಶುರುಮಾಡುವ ಕ್ರಮ ಗಟ್ಟಿಯಾಗಿ ಬೇರೂರಿತು. ಆದರೂ ಕೆಲವು ತುರ್ತು ಸಂದರ್ಭಗಳಿಗೆ ಮೊದಲ ಕೆಲವು ಕ್ರಮಗಳನ್ನು ಬಾಯಿಪಾಠ ಮಾಡಿರಲೇಬೇಕು. ಪಟ್ಟಿ ತೆರೆಯುವಷ್ಟು ಹೊತ್ತು ಆಗ ಇರುವುದಿಲ್ಲ.

ಪರೀಕ್ಷೆಯಲ್ಲಿ ಹಾಳೆ ಕೊಡಬೇಕೆಂಬುದಕ್ಕೆ ಒಂದು ಬಲವಾದ ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. ಅದು ಭಯ. ಗಣಿತದ ಹೆದರಿಕೆ ಇರುವವರಲ್ಲಿ ಲೆಕ್ಕ ಮಾಡುವಾಗ ವರ್ಕಿಂಗ್ ಮೆಮೊರಿಯೇ ಕುಗ್ಗುತ್ತದೆ ಎಂದು ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದರು. ಮೊದಲೇ ಸಣ್ಣದಾದ ಮೇಜಿನ ಅರ್ಧವನ್ನು 'ಮರೆತುಹೋದರೆ?' ಎಂಬ ಚಿಂತೆ ಆಕ್ರಮಿಸಿಕೊಂಡಿರುತ್ತದೆ. ಅಂಥ ಮಗುವಿಗೆ ಎದುರಿಗೆ ಒಂದು ಹಾಳೆ ಇದೆ ಎಂಬುದೇ ಆಸರೆ, ಅದನ್ನು ತೆರೆದು ನೋಡದಿದ್ದರೂ. ಕಲಿಕೆಯ ನ್ಯೂನತೆ ಇರುವ ಕೆಲವು ಮಕ್ಕಳಿಗೆ ಚಿಹ್ನೆಗಳ ಸಾಲನ್ನು ನೆನಪಿಡುವುದು ಬೇರೆಯವರಿಗಿಂತ ಎಷ್ಟೋ ಕಷ್ಟ. ಅವರ ಪಾಲಿಗೆ ಹಾಳೆ ರಿಯಾಯಿತಿಯಲ್ಲ, ನ್ಯಾಯ.

ಆದ್ದರಿಂದ ನನ್ನ ಅಭಿಪ್ರಾಯ ಕೇಳಿದರೆ: ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಒಂದು ಪುಟದ ಹಾಳೆ ಕೊಡಲಿ, ಆದರೆ ಪ್ರಶ್ನೆಗಳೂ ಬದಲಾಗಲಿ. ಶಂಕುವಿನ ತ್ರಿಜ್ಯ ಇಷ್ಟು, ಎತ್ತರ ಇಷ್ಟು, ಘನಫಲ ಎಷ್ಟು ಎಂದು ಕೇಳಿ ಜೊತೆಗೆ ಸೂತ್ರವನ್ನೂ ಕೊಟ್ಟರೆ ಪರೀಕ್ಷಿಸಿದ್ದು ಗುಣಾಕಾರವನ್ನು ಮಾತ್ರ. ರಾಗಿ ರಾಶಿಯ ಸುತ್ತಳತೆಯನ್ನೂ ಎತ್ತರವನ್ನೂ ಕೊಟ್ಟು ಎಷ್ಟು ಚೀಲ ಬೇಕು ಎಂದು ಕೇಳಿದರೆ, ಹಾಳೆ ಇದ್ದರೂ ಯೋಚಿಸಲೇಬೇಕು. ತರಗತಿಯಲ್ಲಿ ಮಾತ್ರ ವರ್ಷವಿಡೀ ಹಾಳೆಯಿಲ್ಲದೆ ಬಿಡಿಸುವ ಅಭ್ಯಾಸ ನಡೆಯಬೇಕು.

ನೆನಪಿಟ್ಟುಕೊಳ್ಳುವುದು ಹೇಗೆ?

ಹತ್ತು ಸಲ ಓದುವುದರಿಂದಲ್ಲ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಲು ಹೇಳಿದರು. ಇನ್ನೊಂದು ಗುಂಪು ಓದಿ, ಮುಚ್ಚಿಟ್ಟು, ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಮುಚ್ಚಿಟ್ಟು ಬರೆದವರು ಅವರನ್ನು ಹಿಂದೆ ಹಾಕಿದ್ದರು. ಗೇಟಿನ ಹತ್ತಿರ ಕೊನೆಯ ಗಳಿಗೆಯಲ್ಲಿ ಓದುವುದು ಯಾಕೆ ಅಷ್ಟು ಸಮಾಧಾನ ಕೊಡುತ್ತದೆ, ಮತ್ತು ಪಿಯುಸಿಗೆ ಬರುವಷ್ಟರಲ್ಲಿ ಅದೆಲ್ಲ ಯಾಕೆ ಮಾಯವಾಗಿರುತ್ತದೆ ಎಂಬುದಕ್ಕೆ ಕಾರಣ ಇಲ್ಲೇ ಇದೆ.

ಸೂತ್ರದ ಹಾಳೆಯನ್ನು ಅಂಗಡಿಯಲ್ಲಿ ಕೊಳ್ಳಬೇಡಿ, ಮಕ್ಕಳೇ ತಯಾರಿಸಲಿ. ಪಾಠ ಮುಗಿದ ದಿನ ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯಬೇಕು, ಆಮೇಲೆ ಪುಸ್ತಕ ತೆರೆದು ತಪ್ಪನ್ನು ಬೇರೆ ಬಣ್ಣದಲ್ಲಿ ತಿದ್ದಬೇಕು. ಎರಡು ದಿನ ಬಿಟ್ಟು ಮತ್ತೆ, ವಾರ ಬಿಟ್ಟು ಮತ್ತೆ, ತಿಂಗಳು ಬಿಟ್ಟು ಮತ್ತೆ. ಪ್ರತಿ ಸೂತ್ರದ ಪಕ್ಕದಲ್ಲಿ ಅದು ಯಾವಾಗ ಅನ್ವಯಿಸುವುದಿಲ್ಲ ಎಂದೂ ಒಂದು ಸಾಲು ಇರಲಿ. ಚಲನೆಯ ಸಮೀಕರಣಗಳ ಪಕ್ಕದಲ್ಲಿ 'ವೇಗೋತ್ಕರ್ಷ ಒಂದೇ ಸಮ ಇದ್ದಾಗ ಮಾತ್ರ' ಎಂದು ಬರೆದುಕೊಂಡವರು ಪಿಯುಸಿಯಲ್ಲಿ ಎಡವುವುದು ಕಡಿಮೆ.

ಪರೀಕ್ಷೆಗೆ ಒಂದೇ ವಾರ ಉಳಿದಿದ್ದರೆ? ಆಗ ಇಷ್ಟೆಲ್ಲ ಮಾಡಲು ಹೊತ್ತಿಲ್ಲ. ಹಿಂದಿನ ವರ್ಷಗಳ ಮೂರು ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಲೆಕ್ಕ ಬಿಡಿಸದೆ, ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಯಾವ ಸೂತ್ರ ಬೇಕು, ಯಾಕೆ ಎಂದಷ್ಟೇ ಪೆನ್ಸಿಲಿನಲ್ಲಿ ಗುರುತು ಹಾಕಿ. ಅರ್ಧ ಗಂಟೆಯ ಕೆಲಸ. ಎಲ್ಲಿ ಪೆನ್ಸಿಲ್ ನಿಂತುಬಿಡುತ್ತದೋ ಆ ಪಾಠವನ್ನು ಮೊದಲು ತೆರೆಯಿರಿ.